ಅರ್ಧ ಮಿಲಿಮೀಟರ್ ದಪ್ಪದ ಪೌಚ್ ಸೆಲ್: ದಪ್ಪದ ಲೆಕ್ಕದಿಂದ ಕೊನೆಯ ಸೀಲ್‌ವರೆಗೆ

ಪೌಚ್ ಸೆಲ್, ಅಂದರೆ ಗಟ್ಟಿ ಡಬ್ಬಿಯ ಬದಲು ಮೆತ್ತನೆಯ ಹೊದಿಕೆಯಿರುವ ತೆಳು ಲಿಥಿಯಂ ಅಯಾನ್ ಸೆಲ್ ಮಾಡಹೊರಟವರು ಸಾಮಾನ್ಯವಾಗಿ ಯಾವ ಕ್ಯಾಥೋಡ್ (ಧನ ಎಲೆಕ್ಟ್ರೋಡ್) ಪುಡಿ ಒಳ್ಳೆಯದು ಎಂಬಲ್ಲಿಂದ ಶುರು ಮಾಡುತ್ತಾರೆ. ಅದು ಆಮೇಲಿನ ಮಾತು. ಸೆಲ್ ತೆಳುವಾದಷ್ಟೂ ಶಕ್ತಿ ಹಿಡಿಯದ ಭಾಗಗಳು, ಅಂದರೆ ಹೊದಿಕೆ, ಲೋಹದ ಹಾಳೆ, ಸೀಲ್ ಅಂಚು ಇವೇ ಜಾಗ ತಿನ್ನುತ್ತವೆ. ಸೆಲ್ ಕೆಡುವುದೂ ಬಹುಪಾಲು ಆ ಅಂಚುಗಳಲ್ಲೇ. ಆದ್ದರಿಂದ ಮೊದಲು ದಪ್ಪದ ಲೆಕ್ಕ.

ನಡುವೆ ಎರಡೂ ಬದಿ ಲೇಪಿಸಿದ ಒಂದು ಕ್ಯಾಥೋಡ್, ಅದರ ಎರಡೂ ಕಡೆ ಒಂದೇ ಬದಿ ಲೇಪಿಸಿದ ಆನೋಡ್‌ಗಳು (ಋಣ ಎಲೆಕ್ಟ್ರೋಡ್), ಮಧ್ಯೆ ಇವು ಒಂದಕ್ಕೊಂದು ತಾಗದಂತೆ ತಡೆಯುವ ತೆಳು ಹಾಳೆ, ಅಂದರೆ ಸೆಪರೇಟರ್: ಇದು ಅತ್ಯಂತ ಸರಳ ಜೋಡಣೆ. ಕ್ಯಾಥೋಡ್ ಅಳತೆ 30 × 40 ಮಿ.ಮೀ. ಇರಲಿ. ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಲೇಪನ ಬದಿಗೆ 60 ಮೈಕ್ರಾನ್, ರೋಲರ್‌ನಲ್ಲಿ ಒತ್ತಿದ ಮೇಲೆ ಸಾಂದ್ರತೆ ಘನ ಸೆಂ.ಮೀ.ಗೆ 3.8 ಗ್ರಾಂ. ಅಂದರೆ ಚದರ ಸೆಂ.ಮೀ.ಗೆ 22.8 ಮಿ.ಗ್ರಾಂ. ಇದರಲ್ಲಿ ಶೇ 96 ಸಕ್ರಿಯ ಪುಡಿ, ಗ್ರಾಂಗೆ 140 ಎಂಎಎಚ್ (ಮಿಲಿಆಂಪಿಯರ್-ಅವರ್) ಎಂದು ಹಿಡಿದರೆ ಚದರ ಸೆಂ.ಮೀ.ಗೆ 3.06 ಎಂಎಎಚ್. ಎರಡು ಬದಿ ಸೇರಿ 24 ಚದರ ಸೆಂ.ಮೀ., ಒಟ್ಟು ಸುಮಾರು 73 ಎಂಎಎಚ್.

ಆನೋಡ್ ಸಾಮರ್ಥ್ಯ ಇದಕ್ಕಿಂತ ಶೇ 10ರಷ್ಟು ಹೆಚ್ಚಿರಬೇಕು. ಕಡಿಮೆಯಾದರೆ ಚಾರ್ಜ್ ಮಾಡುವಾಗ ಆನೋಡ್‌ನ ಗ್ರಾಫೈಟ್ ಒಳಗೆ ಜಾಗ ಸಿಗದ ಲಿಥಿಯಂ ಅದರ ಮೇಲೆಯೇ ಲೋಹವಾಗಿ ಕೂರುತ್ತದೆ. ಗ್ರಾಫೈಟ್‌ಗೆ ಗ್ರಾಂಗೆ 340 ಎಂಎಎಚ್, ಲೇಪನದಲ್ಲಿ ಅದರ ಪಾಲು ಶೇ 95, ಸಾಂದ್ರತೆ 1.55 ಎಂದಿಟ್ಟುಕೊಂಡರೆ ಸುಮಾರು 68 ಮೈಕ್ರಾನ್ ಲೇಪನ ಬೇಕಾಗುತ್ತದೆ.

ಈಗ ಕೂಡಿಸಿ. ಕ್ಯಾಥೋಡ್ ಲೇಪನ ಎರಡು ಬದಿ ಸೇರಿ 120 ಮೈಕ್ರಾನ್, ಅದರ ಅಲ್ಯೂಮಿನಿಯಂ ಹಾಳೆ 12. ಎರಡು ಆನೋಡ್ ಲೇಪನ 136, ಅವುಗಳ ತಾಮ್ರದ ಹಾಳೆ 16. ಸೆಪರೇಟರ್ 16 ಮೈಕ್ರಾನ್‌ನದು ಎರಡು ಪದರ, 32. ಒಟ್ಟು 316 ಮೈಕ್ರಾನ್. ಹೊದಿಕೆಗೆ 88 ಮೈಕ್ರಾನ್ ಲ್ಯಾಮಿನೇಟ್ (ಪ್ಲಾಸ್ಟಿಕ್ ಪದರಗಳ ನಡುವೆ ಅಲ್ಯೂಮಿನಿಯಂ ಇರುವ ಹಾಳೆ) ಎರಡು ಬದಿಗೆ 176. ಸೆಲ್ 492 ಮೈಕ್ರಾನ್. ಅದರಲ್ಲಿ ಶೇ 36 ಬರೀ ಹೊದಿಕೆ! ದೊಡ್ಡ ಸೆಲ್‌ಗಳಿಗೆ ಬಳಸುವ 113 ಮೈಕ್ರಾನ್ ಲ್ಯಾಮಿನೇಟ್ ಹಾಕಿದರೆ ಇನ್ನೂ 50 ಮೈಕ್ರಾನ್ ದಪ್ಪವಾಗುತ್ತದೆ, ಒಂದು ಎಂಎಎಚ್ ಕೂಡ ಹೆಚ್ಚುವುದಿಲ್ಲ. ಚಾರ್ಜ್ ಆದ ಗ್ರಾಫೈಟ್ ಶೇ 10ರಷ್ಟು ಉಬ್ಬುವುದರಿಂದ, ಸಾಧನದೊಳಗೆ ಈ ಸೆಲ್‌ಗೆ 0.6 ಮಿ.ಮೀ. ಜಾಗ ಬಿಡಿ. ಬಿಗಿಯಾಗಿ ಕೂರಿಸಿದರೆ ಅದು ಎದುರಿನ ಡಿಸ್‌ಪ್ಲೇಯನ್ನು ಒತ್ತುತ್ತದೆ.

ಅಗಲ ಉದ್ದದಲ್ಲಿ ಆನೋಡ್ ಎಲ್ಲ ಕಡೆ ಕ್ಯಾಥೋಡ್‌ಗಿಂತ 1 ಮಿ.ಮೀ. ಹೊರಗೆ, ಸೆಪರೇಟರ್ ಆನೋಡ್‌ಗಿಂತ ಇನ್ನೊಂದು ಮಿ.ಮೀ. ಹೊರಗೆ: 32 × 42 ಮತ್ತು 34 × 44. ಜೋಡಿಸುವಾಗ ಕ್ಯಾಥೋಡ್ ಅರ್ಧ ಮಿ.ಮೀ. ಜಾರಿದರೂ ಆನೋಡ್‌ನ ನೆರಳಿನಾಚೆ ಹೋಗಬಾರದು ಎಂಬುದಕ್ಕೆ ಈ ಅಂಚು.

ಲೇಪನದ ವಿಷಯ ಬೇಗ ಮುಗಿಸೋಣ. ಕ್ಯಾಥೋಡ್ ಮಿಶ್ರಣ ತೂಕದಲ್ಲಿ 96 ಪಾಲು ಪುಡಿ, 2 ಪಾಲು ವಿದ್ಯುತ್ ಹರಿಸುವ ಕಾರ್ಬನ್ ಬ್ಲ್ಯಾಕ್, 2 ಪಾಲು ಅಂಟಾದ ಪಿವಿಡಿಎಫ್. ಕಲಸಲು ಎನ್‌ಎಂಪಿ ದ್ರಾವಕ. ಈ ದ್ರಾವಕ ಗರ್ಭಕ್ಕೆ ಹಾನಿಕರ, ಹೀರು ಗೂಡಿನ (ಫ್ಯೂಮ್ ಹುಡ್) ಹೊರಗೆ ಮುಚ್ಚಳ ತೆಗೆಯಬೇಡಿ. ಆನೋಡ್‌ಗೆ ಗ್ರಾಫೈಟ್ 95, ಕಾರ್ಬನ್ 1, ಅಂಟುಗಳಾದ ಸಿಎಂಸಿ 1.5, ಎಸ್‌ಬಿಆರ್ 2.5, ಕಲಸಲು ನೀರು. ಒಂದೇ ಬದಿ ಲೇಪಿಸಿದ ಆನೋಡ್ ಒಣಗಿ, ಒತ್ತಿಸಿಕೊಂಡ ಮೇಲೆ ಸುರುಳಿಯಾಗುತ್ತದೆ. ಜೋರಾಗಿ ಒತ್ತಿ ಸರಿಮಾಡಲು ಹೋಗದೆ, ನಿರ್ವಾತ ಒಲೆಯಲ್ಲಿ ಒಣಗಿಸುವಾಗ ಚಪ್ಪಟೆ ತಟ್ಟೆಗಳ ನಡುವೆ ಇಡಿ.

ಕತ್ತರಿಸುವ ಅಲಗು ಮೊಂಡಾದರೆ ಹಾಳೆಯ ಅಂಚಿನಲ್ಲಿ ಲೋಹದ ಮುಳ್ಳು ಏಳುತ್ತದೆ. ಸೆಪರೇಟರ್ 16 ಮೈಕ್ರಾನ್ ಇರುವಾಗ 10 ಮೈಕ್ರಾನ್ ಮುಳ್ಳೂ ಅಪಾಯವೇ. ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರಿ.

ಟ್ಯಾಬ್‌ಗಳನ್ನು, ಅಂದರೆ ಸೆಲ್‌ನಿಂದ ಹೊರಬರುವ ಲೋಹದ ಪಟ್ಟಿಗಳನ್ನು, ಅಲ್ಟ್ರಾಸಾನಿಕ್ ಬೆಸುಗೆಯಿಂದ ಕೂಡಿಸಿ: ಧನಕ್ಕೆ ಅಲ್ಯೂಮಿನಿಯಂ, ಋಣಕ್ಕೆ ನಿಕಲ್. ಅದಲುಬದಲು ಮಾಡುವಂತಿಲ್ಲ. ಆನೋಡ್‌ನ ಕಡಿಮೆ ವಿಭವದಲ್ಲಿ ಅಲ್ಯೂಮಿನಿಯಂ ಲಿಥಿಯಂ ಜೊತೆ ಮಿಶ್ರಲೋಹವಾಗಿ ಪುಡಿಯಾಗುತ್ತದೆ. ಕ್ಯಾಥೋಡ್‌ನ ಹೆಚ್ಚಿನ ವಿಭವದಲ್ಲಿ ನಿಕಲ್, ತಾಮ್ರ ಕರಗುತ್ತವೆ.

316 ಮೈಕ್ರಾನ್ ಜೋಡಣೆಗೆ ಲ್ಯಾಮಿನೇಟ್‌ನಲ್ಲಿ ಗುಳಿ ಒತ್ತುವ ಅಗತ್ಯವಿಲ್ಲ, ಮಡಚಿದರೆ ಸಾಕು. ಇದೊಂದು ಅನುಕೂಲ, ಏಕೆಂದರೆ ತೆಳು ಲ್ಯಾಮಿನೇಟ್ ಮೂಲೆಗಳಲ್ಲಿ ಎಳೆದಾಗ ಬಿರುಕು ಬಿಡುತ್ತದೆ. ಮಡಿಕೆ ಕೆಳಗಿರಲಿ, ಟ್ಯಾಬ್ ಇರುವ ಮೇಲಂಚನ್ನೂ ಒಂದು ಪಕ್ಕವನ್ನೂ ಸೀಲ್ ಮಾಡಿ. ಇನ್ನೊಂದು ಪಕ್ಕದಲ್ಲಿ ಲ್ಯಾಮಿನೇಟನ್ನು 30 ಮಿ.ಮೀ. ಹೆಚ್ಚು ಬಿಡಿ, ಅದೇ ಮುಂದೆ ಮೊದಲ ಚಾರ್ಜ್‌ನಲ್ಲಿ ಹುಟ್ಟುವ ಅನಿಲದ ಚೀಲ.

ಲ್ಯಾಮಿನೇಟ್‌ನ ಒಳಪದರದ ಪಾಲಿಪ್ರೊಪಿಲಿನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಲ್ ದವಡೆ 180–190 ಡಿಗ್ರಿ, 3–4 ಸೆಕೆಂಡು, 0.3 ಮೆಗಾಪ್ಯಾಸ್ಕಲ್‌ನಿಂದ ಶುರು ಮಾಡಿ, ಆಮೇಲೆ ದಪ್ಪ ಅಳೆಯುವ ಮೈಕ್ರೊಮೀಟರ್ ಹೇಳಿದಂತೆ ಕೇಳಿ: ಎರಡು ಪಾಲಿಪ್ರೊಪಿಲಿನ್ ಪದರಗಳ ಒಟ್ಟು ದಪ್ಪ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಗ್ಗಿರಬೇಕು. ಕಡಿಮೆ ಕುಗ್ಗಿದರೆ ಅಂಟಿಲ್ಲ. ಹೆಚ್ಚಾದರೆ ಪ್ಲಾಸ್ಟಿಕ್ ಹರಿದು ಹೋಗಿ ಟ್ಯಾಬ್ ಲ್ಯಾಮಿನೇಟ್‌ನ ಅಲ್ಯೂಮಿನಿಯಂಗೆ ತಾಗುತ್ತದೆ. ಟ್ಯಾಬ್ ಬರುವಲ್ಲಿ ದವಡೆಯಲ್ಲಿ ತಗ್ಗು ಕೊರೆದಿರಬೇಕು. ಟ್ಯಾಬ್‌ಗೆ ಸುತ್ತಿದ ಅಂಟು ಪಟ್ಟಿ ಲ್ಯಾಮಿನೇಟ್ ಅಂಚಿನಿಂದ ಅರ್ಧ ಮಿ.ಮೀ.ಯಾದರೂ ಹೊರಗೆ ಕಾಣಲಿ. 15 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಎಳೆದು ನೋಡಿ. ನುಣುಪಾಗಿ ಬಿಡಿಸಿಕೊಂಡರೆ ಸೀಲ್ ಆಗಿಲ್ಲ, ಪ್ಲಾಸ್ಟಿಕ್ಕೇ ಹರಿಯಬೇಕು.

ಸೀಲ್ ಅಗಲದಲ್ಲಿ ಜಿಪುಣತನ ಬೇಡ. ಅಲ್ಯೂಮಿನಿಯಂ ಪದರ ನೀರಿನ ಆವಿಯನ್ನು ಬಿಡುವುದಿಲ್ಲ. ಆವಿಗೆ ಇರುವ ದಾರಿ ಅಂಚಿನ ಪ್ಲಾಸ್ಟಿಕ್ ಒಂದೇ. ಆ ದಾರಿ 4 ಮಿ.ಮೀ.ಯಿಂದ 2ಕ್ಕೆ ಇಳಿದರೆ ಒಳಬರುವ ತೇವ ಇಮ್ಮಡಿಯಾಗುತ್ತದೆ. ಅಂಚು ಅಗಲವೆನಿಸಿದರೆ ಬದಿಗೆ ಮಡಚಿ, ಕತ್ತರಿಸಬೇಡಿ.

ಎಲೆಕ್ಟ್ರೋಡ್‌ಗಳನ್ನು ಜೋಡಣೆಗೆ ಮೊದಲು 110–120 ಡಿಗ್ರಿಯ ನಿರ್ವಾತದಲ್ಲಿ 12 ಗಂಟೆ ಒಣಗಿಸಿ. ಜೋಡಿಸಿದ ಮೇಲೆ ಮತ್ತೆ ಒಣಗಿಸುವಾಗ 80 ಡಿಗ್ರಿ ದಾಟಬೇಡಿ, ಸೆಪರೇಟರ್ ಕುಗ್ಗುತ್ತದೆ. ಎಲೆಕ್ಟ್ರೋಲೈಟ್ (ಅಯಾನುಗಳನ್ನು ಸಾಗಿಸುವ ದ್ರವ) ತುಂಬುವ ಕೋಣೆಯ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಮೈನಸ್ 40 ಡಿಗ್ರಿ ಅಥವಾ ಅದಕ್ಕೂ ಕೆಳಗೆ. ಎಲೆಕ್ಟ್ರೋಲೈಟ್‌ನ ಲವಣವಾದ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್‌ಗೆ ನೀರು ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಸೆಲ್ಲನ್ನೂ ಕೆಡಿಸುತ್ತದೆ, ಕೈಯನ್ನೂ ಸುಡುತ್ತದೆ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿರಲಿ. ಆಂಪಿಯರ್-ಅವರ್‌ಗೆ 3 ಗ್ರಾಂ ಲೆಕ್ಕದಲ್ಲಿ ಈ ಸೆಲ್‌ಗೆ 0.22 ಗ್ರಾಂ ಎಲೆಕ್ಟ್ರೋಲೈಟ್ ಬೇಕು.

ತುಂಬಿದ ಮೇಲೆ ಚೀಲದ ತುದಿ ಸೀಲ್ ಮಾಡಿ, ಕೂಡಲೇ 1.5 ವೋಲ್ಟ್‌ವರೆಗೆ ಸ್ವಲ್ಪ ಚಾರ್ಜ್ ಕೊಟ್ಟು, ಆಮೇಲೆ 12–24 ಗಂಟೆ ನೆನೆಯಲು ಬಿಡಿ. ಚಾರ್ಜಿಲ್ಲದೆ ಬಿಟ್ಟರೆ ತಾಮ್ರ ಕರಗಲು ಶುರುವಾಗುತ್ತದೆ. ಮೊದಲ ಚಾರ್ಜ್ ಸಿ/20 ದರದಲ್ಲಿ (20 ಗಂಟೆಯಲ್ಲಿ ತುಂಬುವಷ್ಟು), ಅಂದರೆ 3.7 ಮಿಲಿಆಂಪಿಯರ್, ಎರಡು ಚಪ್ಪಟೆ ತಟ್ಟೆಗಳ ಒತ್ತಡದಲ್ಲಿ. ಒತ್ತಡವಿಲ್ಲದಿದ್ದರೆ ಗುಳ್ಳೆಗಳು ಪದರಗಳ ನಡುವೆಯೇ ಸಿಕ್ಕಿಕೊಂಡು, ಅಲ್ಲೆಲ್ಲ ಗ್ರಾಫೈಟ್ ಖಾಲಿ ಉಳಿಯುತ್ತದೆ. 4.2 ವೋಲ್ಟ್ ಮುಟ್ಟಿಸಿ, 3.0ಕ್ಕೆ ಇಳಿಸಿ, ಮತ್ತೆ 3.8ಕ್ಕೆ ತನ್ನಿ. ಒಣ ಕೋಣೆಯಲ್ಲೇ ಚೀಲ ಚುಚ್ಚಿ, ನಿರ್ವಾತದಲ್ಲಿ ಸೆಲ್ ಬದಿಗೆ ಕೊನೆಯ ಸೀಲ್ ಹಾಕಿ, ಚೀಲ ಕತ್ತರಿಸಿ. ಈ ಸೀಲ್ ಬೀಳುವ ಜಾಗ ಎಲೆಕ್ಟ್ರೋಲೈಟ್‌ನಿಂದ ಒದ್ದೆಯಾಗಿರುತ್ತದೆ, ಸೋರಿಕೆ ಹೆಚ್ಚಾಗಿ ಇಲ್ಲಿಂದಲೇ. ಹಾಗಾಗಿ ಎಳೆದು ನೋಡುವ ಪರೀಕ್ಷೆ ಇದಕ್ಕೂ ಬೇಕು.

ಹತ್ತು ದಿನ ಇಟ್ಟು ವೋಲ್ಟೇಜ್ ಅಳೆಯಿರಿ. ಜೊತೆಯವುಗಳಿಗಿಂತ ಬೇಗ ಇಳಿದದ್ದರಲ್ಲಿ ಒಳಗೆಲ್ಲೋ ಮುಳ್ಳು ಅಥವಾ ಲೋಹದ ಕಣವಿದೆ, ಪಕ್ಕಕ್ಕಿಡಿ. ಋಣ ಟ್ಯಾಬ್ ಮತ್ತು ಲ್ಯಾಮಿನೇಟ್‌ನ ಕತ್ತರಿಸಿದ ಅಂಚಿನ ಅಲ್ಯೂಮಿನಿಯಂ ನಡುವಿನ ರೋಧವನ್ನೂ ನೋಡಿ. ಇವೆರಡೂ ಕೂಡಿಕೊಂಡಿದ್ದು, ಒಳಪದರದಲ್ಲಿ ಒಂದು ಗೀರೂ ಇದ್ದರೆ, ಅಲ್ಯೂಮಿನಿಯಂ ಲಿಥಿಯಂ ಹೀರಿ ಒಳಗಿನಿಂದಲೇ ತೂತಾಗುತ್ತದೆ. ಅದು ಹೊರಗೆ ಕಪ್ಪು ಚುಕ್ಕೆಯಾಗಿ ಕಾಣಲು ವಾರಗಳು ಬೇಕಾಗಬಹುದು; ಮೀಟರ್‌ಗೆ ಒಂದು ಕ್ಷಣ ಸಾಕು.