ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಕ್ರ್ಯಾಶ್ ಆಗ್ತಿದೆಯಾ? ಹೀಗೆ ಹುಡುಕಿ

ಹೊಸ ಕಾರ್ಡ್ ಹಾಕಿ ಗೇಮ್ ಶುರು ಮಾಡಿರುತ್ತೀರಿ. ಹತ್ತು ನಿಮಿಷವೂ ಆಗಿರುವುದಿಲ್ಲ, ಕಂಪ್ಯೂಟರ್ ಕೈ ಕೊಡುತ್ತದೆ. ಕಾರ್ಡೇ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಸ್ವಲ್ಪ ತಡೆಯಿರಿ. ಬಹಳ ಸಲ ತೊಂದರೆ ಇರುವುದು ಅದಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ, ಕೇಬಲ್‌ನಲ್ಲಿ, ಇಲ್ಲವೇ ಹಳೇ ಡ್ರೈವರ್ (ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಬಿಟ್ಟುಹೋದ ಫೈಲ್‌ಗಳಲ್ಲಿ. ಸುಮ್ನೆ ವಿಂಡೋಸ್ ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಿನದು. ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಹಂತ 1: ಹೇಗೆ ನಿಂತಿತು ನೋಡಿ

ಪ್ಲಗ್ ಕಿತ್ತ ಹಾಗೆ ಥಟ್ಟನೆ ಆಫ್ ಆಯಿತಾ? ಅಥವಾ ಏನೂ ಹೇಳದೆ ರೀಸ್ಟಾರ್ಟ್ ಆಯಿತಾ? ಹಾಗಾದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಪರದೆ ಕಪ್ಪಾಗಿ, ಒಂದೆರಡು ಕ್ಷಣದಲ್ಲಿ ಚಿತ್ರ ವಾಪಸ್ ಬಂದು, ಗೇಮ್ ಮಾತ್ರ ಮುಚ್ಚಿಹೋದರೆ ಡ್ರೈವರ್ ರೀಸೆಟ್ ಆಗಿದೆ ಎಂದರ್ಥ. ವಿಂಡೋಸ್ ಸಾಮಾನ್ಯವಾಗಿ ಕಾರ್ಡಿನ ಉತ್ತರಕ್ಕಾಗಿ 2 ಸೆಕೆಂಡ್ ಕಾಯುತ್ತದೆ, ಬರದಿದ್ದರೆ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ, ಅದೂ ಆಗದಿದ್ದಾಗ 'ವಿಡಿಯೊ ಟಿಡಿಆರ್ ಫೇಲ್ಯೂರ್' ಎಂಬ ನೀಲಿ ಪರದೆ ಬರುತ್ತದೆ.

ಇನ್ನು ವಿಂಡೋಸ್ ತನ್ನ ತೊಂದರೆಗಳನ್ನೆಲ್ಲ ಬರೆದಿಡುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ಪಟ್ಟಿಯಲ್ಲಿ ಕ್ರ್ಯಾಶ್ ಆದ ಸಮಯ ಹುಡುಕಿ. ಅಲ್ಲಿ ಕರ್ನಲ್-ಪವರ್ 41 ಕಂಡರೆ ಇದೇ ಕಾರಣ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಅದಕ್ಕಿಂತ ಮುಂಚೆ ಏನಿದೆ ಅನ್ನುವುದು ಮುಖ್ಯ. ಡಿಸ್‌ಪ್ಲೇ 4101 ಇದ್ದರೆ ಡ್ರೈವರ್ ರೀಸೆಟ್ ಆಗಿದೆ. ವೀಯಾ-ಲಾಗರ್ (WHEA-Logger) ಇದ್ದರೆ ಹಾರ್ಡ್‌ವೇರ್ ದೋಷ. ಮುಂಚೆ ಏನೂ ಇಲ್ಲದೆ ಬರೀ 41 ಇದ್ದರೆ ಮತ್ತೆ ಪವರ್ ಕಡೆಗೇ ಬನ್ನಿ.

ಹಂತ 2: ಪವರ್

ಇಲ್ಲಿ ಜಾಸ್ತಿ ಹೊತ್ತು ಕೊಡಿ. ಮದರ್‌ಬೋರ್ಡ್ ಸ್ಲಾಟ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಕೇಬಲ್ 150. ಉಳಿದ ಲೆಕ್ಕ ನೀವೇ ಮಾಡಬಹುದು. ಆದರೆ ಲೆಕ್ಕ ಸರಿಯಿದ್ದರೂ ಕ್ರ್ಯಾಶ್ ಆಗಬಹುದು, ಯಾಕೆಂದರೆ ದೊಡ್ಡ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಸರಾಸರಿಗಿಂತ ಎಷ್ಟೋ ಜಾಸ್ತಿ ಕರೆಂಟ್ ಎಳೆಯುತ್ತವೆ, ಹಳೆಯ ಎಸ್‌ಎಂಪಿಎಸ್ ಅದನ್ನು ಅಪಾಯ ಅಂದುಕೊಂಡು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಎಸ್‌ಎಂಪಿಎಸ್‌ಗಳ ಹೊಸ ಮಾನದಂಡ ಎಟಿಎಕ್ಸ್ 3.0 ಬಂದದ್ದು ಇಂಥ ಏರಿಳಿತ ತಡೆದುಕೊಳ್ಳಲಿ ಅಂತಲೇ. ಹಾಗಾಗಿ ಕಾರ್ಡ್ ಕಂಪನಿ ಇಷ್ಟು ವ್ಯಾಟ್ ಬೇಕು ಅಂತ ಬರೆದಿರುವುದನ್ನು ಕಡೆಗಣಿಸಬೇಡಿ.

ಈಗ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಕ್ಯಾಬಿನೆಟ್ ತೆರೆದು ಟಾರ್ಚ್ ಬಿಡಿ. ಒಂದೇ ಕೇಬಲ್‌ನ ಎರಡು ತಲೆಗಳನ್ನು ಕಾರ್ಡಿನ ಎರಡು ಸಾಕೆಟ್‌ಗೂ ಹಾಕಿದ್ದೀರಾ? ತೆಗೆದು, ಎಸ್‌ಎಂಪಿಎಸ್‌ನಿಂದಲೇ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಹೊಸ ಕಾರ್ಡುಗಳ ಚಿಕ್ಕ 16 ಪಿನ್ ಪ್ಲಗ್ ಆಗಿದ್ದರೆ ಇನ್ನೂ ಹತ್ತಿರದಿಂದ ನೋಡಿ: ಪ್ಲಗ್ಗಿನ ಅಂಚಿಗೂ ಸಾಕೆಟ್‌ಗೂ ನಡುವೆ ಕೂದಲೆಳೆಯಷ್ಟು ಸಂದಿ ಕಂಡರೂ ಅದು ಪೂರ್ತಿ ಕೂತಿಲ್ಲ. ನೇರವಾಗಿ, ಗಟ್ಟಿಯಾಗಿ ಒತ್ತಿ. ವೈರ್ ಪ್ಲಗ್ಗಿನ ಬುಡದಲ್ಲೇ ಬಗ್ಗಿರಬಾರದು. ಸರಿಯಾಗಿ ಕೂರದ ಪ್ಲಗ್ ಬಿಸಿಯಾಗಿ ಕರಗಿರುವುದೂ ಉಂಟು.

ಇನ್ನೊಂದು ವಿಷಯ, ದಯವಿಟ್ಟು ಇದನ್ನು ಮರೆಯಬೇಡಿ. ಬಿಚ್ಚಿ ಹಾಕುವ ಕೇಬಲ್‌ನ ಎಸ್‌ಎಂಪಿಎಸ್ ಆದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಅದಕ್ಕೆ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಪಿನ್‌ಗಳ ಜಾಗ ಬೇರೆ ಇರಬಹುದು, ಕಾರ್ಡ್ ಸುಟ್ಟೇ ಹೋಗಬಹುದು.

ಪವರ್ ಮೇಲೆ ಅನುಮಾನ ಇದ್ದರೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ಕರೆಂಟಿನ ಮಿತಿ) ಅನ್ನು 70 ಪರ್ಸೆಂಟ್‌ಗೆ ಇಳಿಸಿ ಅದೇ ಗೇಮ್ ಆಡಿ. ಕ್ರ್ಯಾಶ್ ನಿಂತರೆ ಎಸ್‌ಎಂಪಿಎಸ್ ಅಥವಾ ಕೇಬಲ್ ಮೇಲಿನ ಅನುಮಾನ ಬಲವಾಯಿತು.

ಹಂತ 3: ಡ್ರೈವರ್

ಹೊಸ ಡ್ರೈವರ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಂಟರ್ನೆಟ್ ಆಫ್ ಮಾಡಿ, ಇಲ್ಲದಿದ್ದರೆ ನಡುವೆ ವಿಂಡೋಸ್ ತನಗೆ ಬೇಕಾದ ಡ್ರೈವರ್ ತಾನೇ ಹಾಕಿಬಿಡುತ್ತದೆ. ಸೇಫ್ ಮೋಡ್‌ಗೆ (ತೀರಾ ಅಗತ್ಯದ ಡ್ರೈವರ್‌ಗಳಷ್ಟರಿಂದಲೇ ವಿಂಡೋಸ್ ಶುರುವಾಗುವ ಸ್ಥಿತಿ) ಹೋಗಿ, ಡಿಡಿಯು ಎಂಬ ಉಚಿತ ಸಾಧನದಿಂದ ಹಳೆಯದನ್ನು ಪೂರ್ತಿ ಅಳಿಸಿ, ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ. ಎನ್‌ವಿಡಿಯಾ ಕಾರ್ಡಿನಿಂದ ಎಎಂಡಿ ಕಾರ್ಡಿಗೆ ಅಥವಾ ಅಲ್ಲಿಂದ ಇಲ್ಲಿಗೆ ಬಂದಿದ್ದರೆ ಈ ಹಂತ ಬಿಡಲೇಬೇಡಿ. ತೀರಾ ಹೊಸ ಡ್ರೈವರ್‌ನಲ್ಲೇ ದೋಷ ಇರುವುದೂ ಉಂಟು. ಅದರ ಹಿಂದಿನ ಆವೃತ್ತಿಯನ್ನೂ ಒಮ್ಮೆ ಹಾಕಿ ನೋಡಿ.

ಹಂತ 4: ಉಳಿದದ್ದು

ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ರ‍್ಯಾಮ್‌ಗೆ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗ್ ಬಯಾಸ್‌ನಲ್ಲಿ ಆನ್ ಇದ್ದರೆ ಸದ್ಯಕ್ಕೆ ಆಫ್ ಮಾಡಿ, ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗ) ಏನಿದ್ದರೂ ತೆಗೆಯಿರಿ. ಕಾರ್ಡನ್ನು ರೈಸರ್ ಕೇಬಲ್ (ಸ್ಲಾಟ್‌ನಿಂದ ಕಾರ್ಡಿಗೆ ಹೋಗುವ ಉದ್ದದ ಕೇಬಲ್) ಮೂಲಕ ನಿಲ್ಲಿಸಿದ್ದರೆ ನೇರವಾಗಿ ಸ್ಲಾಟ್‌ಗೆ ಹಾಕಿ ನೋಡಿ. ಅದಾಗದಿದ್ದರೆ ಬಯಾಸ್‌ನಲ್ಲಿ ಸ್ಲಾಟಿನ (ಪಿಸಿಐಇ) ವೇಗ ಜೆನ್ 3ಕ್ಕೆ, ಅಂದರೆ ಮೂರನೇ ತಲೆಮಾರಿನ ವೇಗಕ್ಕೆ ಇಳಿಸಿ. ಹಳೇ ರೈಸರ್‌ಗೆ ಜೆನ್ 4 ವೇಗ ತಡೆಯುವುದಿಲ್ಲ.

ಗೇಮ್ ಆಡುತ್ತಾ ಎಚ್‌ಡಬ್ಲ್ಯುಇನ್‌ಫೋ (HWiNFO) ಎಂಬ ಸಾಫ್ಟ್‌ವೇರ್‌ನಲ್ಲಿ ಬಿಸಿ ಗಮನಿಸಿ. ಕಾರ್ಡಿನದು ಮಾತ್ರ ಅಲ್ಲ, ಪ್ರೊಸೆಸರ್‌ದೂ ನೋಡಿ. ದೊಡ್ಡ ಕಾರ್ಡ್ ತನ್ನ ಬಿಸಿಯನ್ನೆಲ್ಲ ಕ್ಯಾಬಿನೆಟ್ ಒಳಗೇ ಬಿಡುತ್ತದೆ ಅಲ್ವಾ. ಪಕ್ಕದ ಬಾಗಿಲು ತೆಗೆದಿಟ್ಟಾಗ ಕ್ರ್ಯಾಶ್ ಆಗದಿದ್ದರೆ ಗಾಳಿ ಸಾಲುತ್ತಿಲ್ಲ ಅಂತ.

ಹಂತ 5: ಕಾರ್ಡೇ ಕೆಟ್ಟಿದೆಯಾ?

ಹಳೇ ಕಾರ್ಡ್ ಹಾಕಿದಾಗ ಎಲ್ಲ ಸರಿ ಇದ್ದರೆ ಹೊಸದೇ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಹಳೆಯದು ಕಡಿಮೆ ಕರೆಂಟ್ ಎಳೆಯುತ್ತಿತ್ತು, ಅಷ್ಟೇ ಇರಬಹುದು. ನಂಬಬಹುದಾದ ಪರೀಕ್ಷೆ ಎಂದರೆ ಹೊಸ ಕಾರ್ಡನ್ನು, ಅದಕ್ಕೆ ಸಾಕಷ್ಟು ವ್ಯಾಟ್ ಇರುವ ಇನ್ನೊಂದು ಕಂಪ್ಯೂಟರಿಗೆ ಹಾಕುವುದು. ಅಲ್ಲೂ ಹಾಗೇ ಕ್ರ್ಯಾಶ್ ಆದರೆ, ಅಥವಾ ಪರದೆ ಮೇಲೆ ಬಣ್ಣಬಣ್ಣದ ಚುಕ್ಕೆ, ಗೆರೆ ಕಂಡರೆ, ವಿಡಿಯೊ ಮಾಡಿಕೊಂಡು, ಈವೆಂಟ್ ವ್ಯೂವರ್‌ನ ಫೋಟೊ ಜೊತೆಗಿಟ್ಟು ವಾರಂಟಿಗೆ ಕೊಡಿ. ಯಾವ ಯಾವ ಪರೀಕ್ಷೆ ಆಗಿದೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಮತ್ತೆ ಡ್ರೈವರ್ ಹಾಕಿ ನೋಡಿ ಅಂತ ವಾಪಸ್ ಕಳಿಸುವ ಸಾಧ್ಯತೆ ಕಡಿಮೆ.