ತಿದ್ದುಪಡಿ ಯಾರ ಹೆಸರಿನಲ್ಲಿ?

ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದಾಗ ವಿಭಾಗದ ಪ್ರಾಯೋಗಿಕ ಪತ್ರಿಕೆಯ ಸಂಪಾದಕತ್ವ ಒಂದು ವರ್ಷ ನನ್ನ ಪಾಲಿಗೆ ಬಂದಿತ್ತು. ತಿಂಗಳಿಗೊಂದು ಸಂಚಿಕೆ, ಟ್ಯಾಬ್ಲಾಯ್ಡ್ ಆಕಾರದ 8 ಪುಟ, 12 ಮಂದಿ ವರದಿಗಾರರು. ಮೊದಲ ಎರಡು ಸಂಚಿಕೆಗಳ ವರದಿಗಳನ್ನು ರಾತ್ರಿಯಿಡೀ ಕುಳಿತು ನಾನೇ ತಿದ್ದಿ ಬರೆದೆ. ಪತ್ರಿಕೆ ಅಚ್ಚುಕಟ್ಟಾಗಿ ಬಂದಿತಾದರೂ ಮೂರನೆಯ ಸಂಚಿಕೆಯ ಹೊತ್ತಿಗೆ ವರದಿಗಳು ಅರೆಬರೆಯಾಗಿ ಬರತೊಡಗಿದವು. "ಹೇಗೂ ನೀನು ತಿದ್ದುತ್ತೀಯಲ್ಲ" ಎಂದು ಸಹಪಾಠಿಯೊಬ್ಬಳು ಸಹಜವಾಗಿಯೇ ಹೇಳಿದಳು. ನನ್ನ ಶ್ರಮ ಅವರ ಹೊಣೆಯನ್ನು ಕಿತ್ತುಕೊಂಡಿತ್ತು.

ಅಲ್ಲಿಂದ ಮುಂದೆ ವರದಿಗಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ನಿನಗೆ ಹೇಳಿದವರು ಯಾರು, ಮತ್ತೆ ಯಾರನ್ನು ಕೇಳಿದೆ, ಆರೋಪ ಹೊತ್ತವರ ಮಾತು ಎಲ್ಲಿದೆ ಎಂದು ಕೇಳುವುದನ್ನು ರೂಢಿಸಿಕೊಂಡೆ. 200 ಪದಗಳ ವರದಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ತಿದ್ದುವ ಪೆನ್ನು ಮಾತ್ರ ಅವರ ಕೈಯಲ್ಲೇ ಇರುತ್ತಿತ್ತು.

ಆದರೂ ಒಂದು ತಪ್ಪು ನುಸುಳಿತು. ವಿದ್ಯಾರ್ಥಿನಿಲಯವೊಂದರ ನೀರು ಶುದ್ಧೀಕರಣ ಯಂತ್ರ ಎರಡು ತಿಂಗಳಿಂದ ಕೆಟ್ಟಿದೆ ಎಂದು ಮುಖಪುಟದಲ್ಲಿ ಪ್ರಕಟಿಸಿದೆವು. ಯಂತ್ರ ಅದಕ್ಕೂ ಮೊದಲೇ ದುರಸ್ತಿಯಾಗಿತ್ತು. ವಾರ್ಡನ್ನರನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದಾರೆಯೇ ಎಂದು ಪುಟ ಕಟ್ಟುವ ಅವಸರದಲ್ಲಿ ನಾನೂ ವಿಚಾರಿಸಿರಲಿಲ್ಲ. ತಿದ್ದುಪಡಿಯಲ್ಲಿ ವರದಿ ಬರೆದ ಕಿರಿಯ ವಿದ್ಯಾರ್ಥಿಯ ಹೆಸರು ಹಾಕಬೇಕೆಂಬ ಮಾತು ತಂಡದಲ್ಲಿ ಬಂತು. ನಾನು ಒಪ್ಪಲಿಲ್ಲ. ಮುಂದಿನ ಸಂಚಿಕೆಯ ಮುಖಪುಟದಲ್ಲಿ, ಸುದ್ದಿ ಇದ್ದ ಜಾಗದಲ್ಲೇ, ಸಂಪಾದಕರ ಹೆಸರಿನಲ್ಲಿ ತಿದ್ದುಪಡಿ ಪ್ರಕಟವಾಯಿತು; ಆ ವಿದ್ಯಾರ್ಥಿಯೊಡನೆ ನಾನೂ ವಾರ್ಡನ್ನರ ಬಳಿಗೆ ಹೋಗಿ ಕ್ಷಮೆ ಕೇಳಿದೆ. ಆ ಮೇಲೆ ತಂಡದವರು ತಮ್ಮ ಸಂದೇಹಗಳನ್ನು ಮುಚ್ಚಿಡದೆ ಮೊದಲೇ ಹೇಳತೊಡಗಿದರು. ನಾಯಕತ್ವದ ಬಗ್ಗೆ ನಾನು ಕೇಳಿದ ಯಾವ ಉಪನ್ಯಾಸವೂ ಇಷ್ಟನ್ನು ಕಲಿಸಿರಲಿಲ್ಲ.

ಬಾಯಿಮಾತನ್ನು ನಂಬಿ ಎಡವಿದ್ದರಿಂದ, ಊರಿನ ವಿದ್ಯಾರ್ಥಿನಿಲಯಗಳ ನೀರಿನ ಪರೀಕ್ಷಾ ವರದಿಗಳನ್ನು ಕೋರಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದೆವು. ಉತ್ತರಕ್ಕೆ 30 ದಿನಗಳ ಅವಧಿ ಇರುವುದರಿಂದ, ಈ ತಿಂಗಳು ಕೇಳಿದ್ದು ಮುಂದಿನ ಸಂಚಿಕೆಗೂ ಸಿಗುವ ಖಾತ್ರಿಯಿರುವುದಿಲ್ಲ. ಹಾಗಾಗಿ ಎರಡು ಸಂಚಿಕೆ ಮುಂದಿನದನ್ನು ಯೋಚಿಸಿ ಕೆಲಸ ಹಂಚುವುದು ಅನಿವಾರ್ಯವಾಯಿತು. ಅರ್ಜಿ ಬರೆಯುವವರು, ಕಚೇರಿಗೆ ಅಲೆಯುವವರು, ಉತ್ತರದ ಅಂಕಿಅಂಶಗಳನ್ನು ಓದಿ ಅರ್ಥ ಮಾಡಿಕೊಳ್ಳುವವರು ಬೇರೆ ಬೇರೆಯಾದರು. (ಕಂಪ್ಯೂಟರಿನಲ್ಲಿ ಯೂನಿಕೋಡಿನ ಬರಹವನ್ನು ‘ನುಡಿ’ ಫಾಂಟಿಗೆ ಬದಲಿಸುವಾಗ ಕೆಡುವ ಒತ್ತಕ್ಷರಗಳನ್ನು ಸರಿಪಡಿಸುತ್ತಿದ್ದ ಮಿತಭಾಷಿ ಗೆಳೆಯನಿಲ್ಲದೆ ಒಂದು ಸಂಚಿಕೆಯೂ ಹೊರಬರುತ್ತಿರಲಿಲ್ಲ, ಅವನ ಹೆಸರನ್ನು ತಂಡದ ಪಟ್ಟಿಗೆ ಸೇರಿಸಲು ನಾನು ತಡಮಾಡಿದ್ದು ಈಗಲೂ ನೋಯಿಸುತ್ತದೆ.)

ನಮ್ಮ ಪರೀಕ್ಷೆ ಮುಗಿದರೂ ಕೆಲವು ಉತ್ತರಗಳು ಬಾಕಿಯಿದ್ದವು. ಅರ್ಜಿಗಳ ಕಡತವನ್ನು ಕಿರಿಯರಿಗೆ ಒಪ್ಪಿಸಿ ಬಂದೆವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದ ನೆನಪಿಗೆ ಆಚರಿಸುವ ಜುಲೈ 1ರ ಪತ್ರಿಕಾ ದಿನಕ್ಕೆ ಅವರು ತಂದ ಸಂಚಿಕೆಯಲ್ಲಿ ನೀರಿನ ವರದಿ ಪೂರ್ಣವಾಗಿ ಬಂದಿತ್ತು. ಎಲ್ಲ ವಾರ್ಡನ್ನರ ಹೇಳಿಕೆಗಳೂ ಅದರಲ್ಲಿದ್ದವು.