‘ಡಿಸೈಡ್’ ಪದವನ್ನು ಬುಡಸಮೇತ ಕಲಿಯೋದು ಹೇಗೆ?

ಸಿಂಧನೂರಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ‘ಲಗೂನ ಡಿಸೈಡ್ ಮಾಡ್ರಿ’. ಭತ್ತ ಹಚ್ಚೋದಾ, ಜೋಳ ಬಿತ್ತೋದಾ? ಡಿಸೈಡ್ ಮಾಡ್ರಿ. ಆದರೆ ನಮ್ಮ ಮನೆಗೆ ಪಾಠಕ್ಕೆ ಬರುವ ಪಿಯುಸಿ ಹುಡುಗರಿಗೆ ಇದೇ ಪದ ಹಾಕಿ ಒಂದು ಇಂಗ್ಲಿಷ್ ವಾಕ್ಯ ಬರೀರಿ ಅಂದರೆ, ಮುಂದೆ ‘ಟು’ ಬರುತ್ತೋ ‘ಆನ್’ ಬರುತ್ತೋ ಗೊತ್ತಾಗದೆ ಪೆನ್ನು ಕಚ್ಚುತ್ತಾ ಕೂರುತ್ತಾರೆ.

ಬಾಯಿಪಾಠ ಬಿಡಿ, ಮೊದಲು ಬೇರು ನೋಡಿ. ಲ್ಯಾಟಿನ್ನಿನಲ್ಲಿ ‘ದೆ’ ಅಂದರೆ ಆಚೆಗೆ, ‘ಕೈದೆರೆ’ ಅಂದರೆ ಕಡಿಯೋದು. ಎರಡೂ ಸೇರಿದರೆ ಕಡಿದು ಆಚೆ ಹಾಕೋದು. ಫ್ರೆಂಚ್ ದಾಟಿಕೊಂಡು 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಇದರ ಕೆಲಸ ಜಗಳ ಬಗೆಹರಿಸೋದು. ‘ನಾನೇ ಮನಸ್ಸು ಮಾಡಿದೆ’ ಅನ್ನುವ ಅರ್ಥ ಆಮೇಲಿನದು. ಕೋರ್ಟಿನಲ್ಲಿ ಕೇಸ್ ಡಿಸೈಡ್ ಆಯ್ತು ಅಂತೀವಲ್ಲ, ಅದೇ ಹಳೇ ಅರ್ಥ. ಹತ್ತಿಗೆ ಹೊಡೆಯುವ ಪೆಸ್ಟಿಸೈಡಿನ ಬಾಲವೂ ‘ಕೈದೆರೆ’ಯ ಸಂತಾನವೇ, ಅಲ್ಲಿ ಕಡಿಯೋದು ಹೋಗಿ ಕೊಲ್ಲೋದು ಆಗಿದೆ. ಎಲೆ ಉದುರುವ ಮರಕ್ಕೆ ಹೇಳುವ ‘ಡೆಸಿಡ್ಯುಯಸ್’ ಮಾತ್ರ ಬೇರೆ ಮನೆಯದು. ಅದರ ಬೇರು ಬೀಳೋದು, ಕಡಿಯೋದಲ್ಲ.

ಇದೆಲ್ಲ ನಮಗೆ ಹೊಸದೇನಲ್ಲ. ‘ಖಂಡಿತ ಬರ್ತೀನಿ’ ಅಂತೀವಿ. ಸಂಸ್ಕೃತದಲ್ಲಿ ಖಂಡಿತ ಅಂದರೆ ತುಂಡಾದದ್ದು. ಕಡ್ಡಿ ಮುರಿದ ಹಾಗೆ ಹೇಳಿದ ಅಂತೀವಿ, ಅದೂ ಅದೇ. ಇನ್ನು ‘ಫೈಸಲಾ’ ಇದೆಯಲ್ಲ, ರಾಯಚೂರು, ಕೊಪ್ಪಳ ಎರಡೂ 1948ರವರೆಗೆ ನಿಜಾಮನ ಕೈಕೆಳಗಿದ್ದದ್ದಕ್ಕೆ ನಮ್ಮ ಕಡೆ ಉರ್ದು ಮಾತು ಜಾಸ್ತಿ, ಕಟ್ಟೆ ಮೇಲೆ ಕೂತ ಹಿರಿಯರು ಈಗಲೂ ಜಗಳ ‘ಫೈಸಲಾ’ ಮಾಡುತ್ತಾರೆ. ಅದರ ಅರಬ್ಬಿ ಬೇರಿಗೆ ಬೇರ್ಪಡಿಸು ಅನ್ನುವ ಅರ್ಥ. ಮಜಾ ಏನಂದರೆ ‘ಫಸಲು’ ಕೂಡ ಅದೇ ಬೇರಿನದು: ವರ್ಷವನ್ನು ಭಾಗ ಮಾಡಿದರೆ ಒಂದೊಂದು ಕಾಲ, ಆ ಕಾಲಕ್ಕೆ ಬಂದ ಬೆಳೆ ಫಸಲು.

ಈಗ ಕುಡುಗೋಲು ಕೈಯಲ್ಲಿ ಇಟ್ಟುಕೊಂಡೇ ವಾಕ್ಯ ಬರೀರಿ. ಎರಡರ ನಡುವೆ ಕಡಿಯಬೇಕಾ? ‘ಡಿಸೈಡ್ ಬಿಟ್ವೀನ್’. ಕಡಿದು ಆಚೆ ಹಾಕಿದ್ದನ್ನು ಹೇಳಬೇಕಾ? ‘ಡಿಸೈಡೆಡ್ ಅಗೇನ್ಸ್ಟ್ ಕಾಟನ್’, ಅಂದರೆ ಹತ್ತಿ ಬೇಡ ಅಂದೆ. ಕೈಯಲ್ಲಿ ಉಳಿದದ್ದಕ್ಕೆ ‘ಡಿಸೈಡೆಡ್ ಆನ್ ಪ್ಯಾಡಿ’. ಮುಂದೆ ಕೆಲಸದ ಪದ ಬಂದರೆ ‘ಟು’: ‘ಡಿಸೈಡೆಡ್ ಟು ಗೋ’. ‘ಡಿಸೈಡೆಡ್ ಗೋಯಿಂಗ್’ ತಪ್ಪು, ನಾನೇ ಒಂದು ಅರ್ಜಿಯಲ್ಲಿ ಹಾಗೆ ಬರೆದು ಕೆಂಪು ಗೆರೆ ಎಳೆಸಿಕೊಂಡಿದ್ದೇನೆ. ನಿರ್ಧರಿಸೋದು ಮನುಷ್ಯರೇ ಆಗಬೇಕಂತಲೂ ಇಲ್ಲ. ‘ದಿ ರೇನ್ ಡಿಸೈಡೆಡ್ ದಿ ಮ್ಯಾಚ್’ ಅಂದರೆ ಪಂದ್ಯದ ಫಲಿತಾಂಶ ಮಳೆಯ ಕೈಗೆ ಹೋಯಿತು.

‘ಮೇಕ್ ಎ ಡಿಸಿಷನ್’ ಸರಿನಾ, ‘ಟೇಕ್’ ಸರಿನಾ ಅಂತ ಸುಮ್ನೆ ಜಗಳ ಆಡ್ತಾರೆ. ಎರಡೂ ಸರಿ. ಅಮೆರಿಕದವರು ‘ಮೇಕ್’ ಜಾಸ್ತಿ ಬಳಸುತ್ತಾರೆ, ಬ್ರಿಟನ್ನಿನಲ್ಲಿ ‘ಟೇಕ್’ ಕೂಡ ನಡೆಯುತ್ತದೆ, ನಮ್ಮಲ್ಲಂತೂ ಅದೇ ರೂಢಿ.

ಕೊನೆಗೆ ‘ಅನ್‌ಡಿಸೈಡೆಡ್’, ಇನ್ನೂ ಕಡಿದಿಲ್ಲ ಅಂತ. ಇದಕ್ಕೊಂದು ವಾಕ್ಯ ಮಾಡ್ರೋ ಅಂದಾಗ ನಮ್ಮ ಹುಡುಗನೊಬ್ಬ ತಲೆ ಎತ್ತದೆ ಬರೆದ: ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು, ಅನ್‌ಡಿಸೈಡೆಡ್.